ಆಯಿಯ ದಾವೆ ಹುಡುಕಿದ ಹದಿನಾಲ್ಕು ತಿಂಗಳು

2022ರ ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗಿದ್ದೆ, ಆಗ ಹೆಳವರು ಬಂದಿದ್ರು. ಉತ್ತರ ಕರ್ನಾಟಕದ ಹಳ್ಳಿಯವರಿಗೆ ಹೇಳೋದೇ ಬೇಡ, ಮನೆತನದ ವಂಶಾವಳಿ ಬರ್ಕೊಂಡು ತಲೆಮಾರಿನಿಂದ ತಲೆಮಾರಿಗೆ ಓದಿ ಹೇಳೋರು ಅವರು, ಮೊದಲು ಎತ್ತಿನ ಮೇಲೆ ಗಂಟೆ ಬಾರಿಸ್ಕೊಂಡು ಬರ್ತಿದ್ರು ಈಗ ಬೈಕಲ್ಲಿ ಬರ್ತಾರೆ, ಆದ್ರೆ ಓದೋ ಧಾಟಿ ಅದೇ. ಕಟ್ಟೆ ಮೇಲೆ ಕೂತು ಒಂದು ಮೊರ ಜೋಳ ಮುಂದೆ ಇಟ್ಕೊಂಡು ನಮ್ಮ ಮುತ್ತಜ್ಜನಿಂದ ಶುರು ಮಾಡಿ ಅಜ್ಜನ ಹತ್ರ ಬಂದಾಗ "ಉಡಿಕಿ ಮಾಡಿಕೊಂಡ ಹೆಣ್ಣು, ಸೆರಗು ಹಿಡದು ಬಂದ ಮಗ ಒಬ್ಬ" ಅಂತ ಓದಿ ಮುಂದಕ್ಕೆ ಹೋಗ್ಬಿಟ್ರು. ನಾನು ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೆ. ಆಮೇಲೆ ಬೆಂಗಳೂರಿಗೆ ಬರೋ ಬಸ್ಸಲ್ಲಿ ಅದೊಂದು ಸಾಲನ್ನೇ ಎಷ್ಟು ಸಲ ಕೇಳಿದೆನೋ.

ಉಡಿಕಿ ಅಂದ್ರೆ ನಮ್ಮ ಕಡೆ ಎರಡನೇ ಮದುವೆ, ಹೆಣ್ಣಿನ ಎರಡನೇ ಮದುವೆ. ಗಂಡ ಸತ್ತೋಳಿಗೆ ಮಾಡ್ತಿದ್ರು, ಸೋಡಚೀಟಿ, ಅಂದ್ರೆ ಗಂಡ ಬರೆದುಕೊಡೋ ಬಿಡುಗಡೆ ಚೀಟಿ, ಆದೋಳಿಗೂ ಮಾಡ್ತಿದ್ರು. ಸೆರಗು ಹಿಡಿದು ಬಂದ ಮಗ ನಮ್ಮ ದೊಡ್ಡಪ್ಪ. ಅವರಿಗೆ ತಾವು ಬೇರೆಯವರ ಮಗ ಅಂತ ಗೊತ್ತಿತ್ತು, ಅವರ ಮುಲ್ಕಿ ಪರೀಕ್ಷೆ (ಆಗಿನ ಏಳನೇ ಇಯತ್ತೆ) ಸರ್ಟಿಫಿಕೇಟಲ್ಲಿ ಅಪ್ಪನ ಹೆಸರು ಅಡ್ಡಹೆಸರು ಎರಡೂ ಬೇರೇನೇ ಇದೆ, ನಾನೂ ಚಿಕ್ಕವನಿದ್ದಾಗ ನೋಡಿದ್ದೆ. ಆದ್ರೆ ಅವರಿಗೆ ಎಲ್ಲರೂ ಹೇಳಿದ್ದು "ನಿಮ್ಮಪ್ಪ ಸಣ್ಣ ವಯಸ್ಸಿನ್ಯಾಗ ತೀರಿಕೊಂಡ" ಅಂತ, ನಮಗೂ ಅದನ್ನೇ ಹೇಳಿದ್ರು. ಸರಿ, ಮರಣದ ದಾಖಲೆ ಸಿಕ್ಕರೆ ವಂಶಾವಳಿಲಿ ಒಂದು ತಾರೀಖು ತುಂಬಬಹುದು ಅಂತ ಶುರು ಮಾಡಿದ್ದು ನಾನು. ಡೈವೋರ್ಸ್ ಅನ್ನೋ ಶಬ್ದ ಆಗ ತಲೇಲೇ ಇರ್ಲಿಲ್ಲ.

ಆ ಉಡಿಕಿಯಾದ ಹೆಣ್ಣು ನಮ್ಮ ಆಯಿ, ಅಂದ್ರೆ ಅಪ್ಪನ ತಾಯಿ. ಆಯಿಯ ತಂಗಿ ಒಬ್ಬರೇ ಉಳಿದಿದ್ರು, ಸಣ್ಣಾಯಿ ಅಂತೀವಿ, ನವಲಗುಂದದಲ್ಲಿ ಮಗನ ಮನೇಲಿ ಇದ್ರು, ಎಂಬತ್ತೆಂಟು ವರ್ಷ. ಎರಡು ಸಲ ಹೋದಾಗ ಮಾತು ತಿರುಗಿಸಿದ್ರು. ಮೂರನೇ ಸಲ ಹೋದಾಗ ಸೊಸೆ ಹೊರಗೆ ಹೋಗಿದ್ಲು, ಆಗ ತಾವಾಗೇ ಶುರು ಮಾಡಿದ್ರು. "ಸತ್ತಿದ್ದಿಲ್ಲಪಾ ತಮ್ಮಾ ಅಂವ. ಬಿಟ್ಟು ಹೋಗಿದ್ದ. ಸೋಡಚೀಟಿ ಕೇಳಿದ್ರ ಕೊಡಲಿಲ್ಲ. ಕೋರ್ಟಿನ್ಯಾಗ ಆತು." ಅಷ್ಟೇ. ಯಾವ ಕೋರ್ಟು ಯಾವ ವರ್ಷ ಅಂತ ಕೇಳಿದ್ರೆ "ಗಾಂಧಿ ಸತ್ತ ಮ್ಯಾಲ" ಅಂದ್ರು. ಅವತ್ತು ನಾನು ಅವರ ಮನೆ ಪಡಸಾಲೇಲಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಸಹಿ ಮಾಡೋಕೂ ಬರ್ತಿರ್ಲಿಲ್ಲ ನಮ್ಮ ಆಯಿಗೆ, ಹೆಬ್ಬೆಟ್ಟು ಒತ್ತುತಿದ್ರು, ಅವರು 1948-50ರಲ್ಲಿ ಗಂಡನ ಮೇಲೆ ಕೋರ್ಟಿಗೆ ಹೋಗಿದ್ರು ಅಂತ.

ಇಲ್ಲಿಂದ ಮುಂದೆ ನಾನು ಮಾಡಿದ ಮೊದಲ ತಪ್ಪು ಹೇಳ್ತೀನಿ, ಯಾಕಂದ್ರೆ ಹಳೇ ಮದುವೆ ಮುರಿದ ದಾಖಲೆ ಹುಡುಕೋರು ಹೆಚ್ಚಿನವರು ಇದನ್ನೇ ಮಾಡ್ತಾರೆ. ಹಿಂದೂಗಳಿಗೆ ವಿಚ್ಛೇದನ ಬಂದಿದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ ಅಂತ ಓದಿಕೊಂಡು, ಹಾಗಾದ್ರೆ 1950ಕ್ಕೆ ಕೋರ್ಟಲ್ಲಿ ಹೇಗಾಗತ್ತೆ, ಸಣ್ಣಾಯಿ ಮರೆತಿದ್ದಾರೆ, ಅದು ಪಂಚರ ಮುಂದೆ ಬರೆದ ಸೋಡಚೀಟಿನೇ ಇರಬೇಕು ಅಂತ ತೀರ್ಮಾನ ಮಾಡಿ ಆ ಚೀಟಿ ಹಿಂದೆ ಬಿದ್ದೆ. ನಾಲ್ಕು ತಿಂಗಳು ಅದ್ರಲ್ಲೇ ಹೋಯ್ತು.

ಸೋಡಚೀಟಿನ ಕೆಲವರು ರಿಜಿಸ್ಟರ್ ಮಾಡಿಸ್ತಿದ್ರು. ಹಾಗೆ ಮಾಡಿಸಿದ್ರೆ ಅದು ಸಬ್ ರಿಜಿಸ್ಟ್ರಾರ್ ಆಫೀಸಿನ ನಾಲ್ಕನೇ ಪುಸ್ತಕದಲ್ಲಿ ಇರತ್ತೆ. ಒಂದನೇ ಪುಸ್ತಕ ಹೊಲ ಮನೆ ವ್ಯವಹಾರದ್ದು, ಅದನ್ನ ಫೀ ಕಟ್ಟಿ ಯಾರು ಬೇಕಾದ್ರೂ ನೋಡಬಹುದು, ನಾವು ಇಸಿ ತೆಗೆಸೋದು ಅದರಿಂದಾನೇ. ಮೂರನೇದು ಮೃತ್ಯುಪತ್ರದ್ದು. ನಾಲ್ಕನೇದ್ರಲ್ಲಿ ಆಸ್ತಿಗೆ ಸಂಬಂಧ ಇಲ್ಲದ ಇತರೆ ಪತ್ರಗಳು, ಅದನ್ನ ನಾವು ಮುಟ್ಟೋ ಹಾಗಿಲ್ಲ, 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಅಧಿಕಾರಿನೇ ಹುಡುಕಬೇಕು, ನಕಲು ಕೂಡ ಆ ಪತ್ರ ಬರೆದುಕೊಟ್ಟವರಿಗೆ ಅಥವಾ ಅದರಡಿ ಹಕ್ಕು ಕೇಳೋರಿಗೆ, ಇಲ್ಲಾ ಅವರ ಪ್ರತಿನಿಧಿಗೆ ಮಾತ್ರ. ನಾನು ಮೊಮ್ಮಗ ಅಂತ ತೋರಿಸೋಕೆ ಆಯಿಯ ಮರಣ ಪ್ರಮಾಣಪತ್ರ, ಅಪ್ಪಂದು, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ಕೂಡಿಸ್ಕೊಂಡು ಹೋದೆ. 1947ರಿಂದ 51ರ ತನಕ ಹುಡುಕಿಸಿದ್ರು. ಆಯಿ ಹೆಸರಲ್ಲಿ ಏನೂ ಇಲ್ಲ. ಪಾಪ ಆ ಆಫೀಸಿನವರು ಒಳ್ಳೇ ಮನಸ್ಸಿಂದ ಹುಡುಕಿದ್ರು, ಹುಡುಕಿದ ಹೆಸರೇ ತಪ್ಪು ಅಂತ ಅವರಿಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ, ಅದು ಮುಂದೆ ಬರತ್ತೆ.

ದಾರಿ ತೋರಿಸಿದ್ದು ಹುಬ್ಬಳ್ಳಿಯ ಒಬ್ಬ ಹಳೇ ವಕೀಲರು. ನಾನು 1955 ಅಂತ ಶುರು ಮಾಡಿದ ತಕ್ಷಣ ತಡೆದು "ನಿಮ್ಮ ಊರು ಆಗ ಎಲ್ಲಿತ್ತು ಹೇಳ್ರಿ ಮೊದಲ" ಅಂದ್ರು. ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ. "ಮುಂಬೈದಾಗ 1947ಕ್ಕ ಡೈವೋರ್ಸ್ ಕಾಯ್ದೆ ಬಂದಿತ್ತು" ಅಂದ್ರು. ಹೌದು, ಬಾಂಬೆ ಹಿಂದೂ ಡೈವೋರ್ಸ್ ಆ್ಯಕ್ಟ್ 1947. ಅದಕ್ಕೂ ಒಂದು ವರ್ಷ ಮೊದಲು, 1946ರಲ್ಲಿ, ಒಂದು ಮದುವೆ ಇದ್ದಾಗ ಇನ್ನೊಂದು ಆಗೋದನ್ನ ಅದೇ ಪ್ರಾಂತದಲ್ಲಿ ಅಪರಾಧ ಮಾಡಿದ್ರು. ಈ ಎರಡನ್ನೂ ಅವರು ಒಟ್ಟಿಗೆ ಇಟ್ಟು ತೋರಿಸಿದಾಗ ಆಯಿ ಕಥೆ ಪೂರ್ತಿ ಬೇರೆ ಥರ ಕಾಣಿಸ್ತು. ಗಂಡ ಸೋಡಚೀಟಿ ಕೊಟ್ಟಿದ್ರೆ ರೂಢಿ ಪ್ರಕಾರ ಬಿಡುಗಡೆ ಆಗಿಬಿಡ್ತಿತ್ತು. ಅವನು ಕೊಡಲಿಲ್ಲ. ಕೊಡದೇ ಇದ್ದಾಗ ಉಡಿಕಿ ಆದ್ರೆ ಆ ಮದುವೆ ನಿಲ್ಲೋದಿಲ್ಲ, ಮೇಲೆ ಅಪರಾಧ ಬೇರೆ. ಉಳಿದಿದ್ದು ಕೋರ್ಟ್ ಒಂದೇ. ಸಣ್ಣಾಯಿ ಏನೂ ಮರೆತಿರ್ಲಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು ಅನ್ಸತ್ತೆ, ಹುಡುಕೋರಿಗೆ ಉಪಯೋಗ ಆಗತ್ತೆ. ಈಗ ನಾವು ಕರ್ನಾಟಕ ಅಂತೀವಲ್ಲ, 1956ರ ನವೆಂಬರ್ 1ಕ್ಕೆ ಮೊದಲು ಇದು ಎಷ್ಟು ಕಡೆ ಹಂಚಿಹೋಗಿತ್ತು ಅಂದ್ರೆ ಗದಗ ಮುಂಬೈಗೆ, ಪಕ್ಕದ ಕೊಪ್ಪಳ ನಿಜಾಮರಿಗೆ, ಶಿರಹಟ್ಟಿ 1948ರ ತನಕ ಸಾಂಗಲಿ ಸಂಸ್ಥಾನಕ್ಕೆ, ಒಂದೇ ದಿನ ಬಸ್ಸಲ್ಲಿ ಮೂರೂ ಊರು ಸುತ್ತಿ ಬರಬಹುದು ಆದ್ರೆ ಮೂರು ಕಡೆ ಮೂರು ಆಳ್ವಿಕೆ. ಮಂಗಳೂರು ಕಡೆಯವರಾದ್ರೆ ಮದ್ರಾಸ್ ಪ್ರಾಂತ, ಅಲ್ಲಿ 1949ರಲ್ಲಿ ಹಿಂದೂಗಳಿಗೆ ಡೈವೋರ್ಸ್ ಕಾಯ್ದೆ ಆಯ್ತು, ಅಳಿಯಸಂತಾನದವರಿಗೆ ಅದೇ ವರ್ಷ ಅವರದ್ದೇ ಬೇರೆ ಕಾಯ್ದೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಬಂತು, ಆಸ್ತಿ ವಿಷಯದಲ್ಲಿ ದೊಡ್ಡ ಹೆಜ್ಜೆ ಅದು, ಆದ್ರೆ ವಿಚ್ಛೇದನ ಅದರಲ್ಲಿ ಇರಲಿಲ್ಲ, ಹಾಗಾಗಿ 1955ಕ್ಕೆ ಮೊದಲು ಮೈಸೂರಿನ ಹಿಂದೂ ಮನೆತನದವರು ಕೋರ್ಟಿಗಿಂತ ಕುಲದ ಪಂಚಾಯ್ತಿ ಚೀಟಿ, ಜೀವನಾಂಶದ ಕೇಸು ಇವನ್ನ ಹುಡುಕೋದು ಒಳ್ಳೇದು. ಕ್ರಿಶ್ಚಿಯನ್ನರಿಗೆ 1869ರಿಂದಲೇ ಕಾಯ್ದೆ ಇತ್ತು, ಜಿಲ್ಲಾ ಜಡ್ಜ್ ಕೊಟ್ಟ ಡಿಕ್ರಿನ ಹೈಕೋರ್ಟ್ ಖಾಯಂ ಮಾಡಬೇಕಿತ್ತು, 2001ರ ತಿದ್ದುಪಡಿ ತನಕ ಹಾಗೇ ಇತ್ತು, ಅಂದ್ರೆ ಜಿಲ್ಲೆಯಲ್ಲಿ ಕಾಗದ ಹಾಳಾಗಿದ್ರೂ ಹೈಕೋರ್ಟಲ್ಲಿ ಇನ್ನೊಂದು ಗುರುತು ಉಳಿದಿರಬಹುದು. ಮುಸ್ಲಿಂ ಹೆಣ್ಣುಮಕ್ಕಳು ಕೋರ್ಟಿಗೆ ಹೋಗೋಕೆ 1939ರ ಕಾಯ್ದೆ ಇತ್ತು. ಅಜ್ಜ ಅಜ್ಜಿ ಯಾವ ಊರು, ಆ ವರ್ಷ ಆ ಊರು ಯಾರ ಕೈಯಲ್ಲಿತ್ತು, ಇದು ಗೊತ್ತಾದ್ರೆ ಅರ್ಧ ಕೆಲಸ ಆಯ್ತು. ನಮ್ಮ ಆಯಿಯ ಮೊದಲ ಗಂಡನ ಊರು ಶಿರಹಟ್ಟಿ ಸೀಮೆಗೆ ಹತ್ತಿರ, ಅದು ಸಾಂಗಲಿಯವರದ್ದೇನೋ ಅಂತ ನಂಗೆ ಒಂದು ಅನುಮಾನ ಇತ್ತು. ಆ ಊರಿನ ಹಿರಿಯರೊಬ್ಬರು "ಇಲ್ಲರಿ, ನಮ್ದು ಖಾಲ್ಸಾ ಊರು" ಅಂದ್ರು, ಅಂದ್ರೆ ಸಂಸ್ಥಾನಕ್ಕೆ ಸೇರದ, ನೇರ ಸರ್ಕಾರದ ಊರು. ಸರಿ ಹೋಯ್ತು.

ಆದ್ರೆ ಕೋರ್ಟು ಅಂತ ಗೊತ್ತಾದ ಮಾತ್ರಕ್ಕೆ ಸಿಗಲ್ಲ. ಇ-ಕೋರ್ಟ್ಸ್ ಆ್ಯಪಲ್ಲಿ ಇರೋದು ಈಗಿನ ಕೇಸು. ಹಳೇದಕ್ಕೆ ದಾವೆ ನಂಬರ್ ಬೇಕು, ವರ್ಷ ಬೇಕು. ನಾನು ಮೊದಲು ಹೋದ ಕಡೆ ಕಿಟಕಿಯಲ್ಲಿದ್ದವರು ನನ್ನ ಚೀಟಿ ನೋಡಿ, ಸ್ವಾತಂತ್ರ್ಯ ಬಂದ ಕಾಲದ್ದೆಲ್ಲ ಯಾವಾಗಲೋ ನಾಶ ಆಗಿದೆ ಅಂತ ಎದ್ದೇ ನೋಡದೆ ಕಳಿಸಿಬಿಟ್ರು. ಆ ಕಚೇರಿ ಯಾವುದು ಅಂತ ಹೇಳೋದು ಬೇಡ. ಅವತ್ತು ರೈಲ್ವೆ ಸ್ಟೇಷನ್‌ಗೆ ಬಂದು ಕೂತಾಗ ನಿಜವಾಗಲೂ ಅಳು ಬಂತು. ಆರ್‌ಟಿಐ ಹಾಕು ಅಂತ ಗೆಳೆಯರು ಹೇಳಿದ್ರು, ಅದೂ ಆಗಲ್ಲ, ಕೋರ್ಟಿನ ಕಡತದ ನಕಲು ಕೋರ್ಟಿನ ನಿಯಮದ ಪ್ರಕಾರವೇ ತಗೋಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನಂಬರ್ ಸಿಕ್ಕಿದ್ದು ಹೊಲದಿಂದ! ವಂಶವೃಕ್ಷಕ್ಕೆ ಓಡಾಡುವಾಗ ಪರಿಚಯ ಆಗಿದ್ದ ಒಬ್ಬ ರಿಟೈರ್ಡ್ ತಲಾಟಿ (ಊರಿನ ಲೆಕ್ಕಿಗರು) ಫೋನ್ ಮಾಡಿದ್ದಾಗ ನನ್ನ ಸಂಕಟ ಹೇಳ್ಕೊಂಡೆ, ಅವರು "ದಾವಾ ಅಂದ್ರ ಅದು ಎಲ್ಲೋ ಒಂದು ಕಡೆ ಹೊಲಕ್ಕ ಬಡದಿರತೈತಿ, ಅವರ ಹೊಲದ ಡೈರಿ ನೋಡ್ರಿ" ಅಂದ್ರು. ಡೈರಿ ಅಂದ್ರೆ ನಮ್ಮ ಕಡೆ ಹಕ್ಕು ಬದಲಾವಣೆ ಬರೆಯೋ ಪುಸ್ತಕ, ಮ್ಯುಟೇಶನ್. ಭೂಮಿ ವೆಬ್‌ಸೈಟಲ್ಲಿ ದೊಡ್ಡಪ್ಪನ ಸರ್ಟಿಫಿಕೇಟಲ್ಲಿದ್ದ ಅಡ್ಡಹೆಸರಿನವರ ಪಹಣಿ ತೆಗೆದು, ಸರ್ವೆ ನಂಬರ್ ಹಿಡ್ಕೊಂಡು ತಾಲೂಕು ಆಫೀಸಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಹಳೇ ಡೈರಿ ಉತಾರ, ಅಂದ್ರೆ ನಕಲು, ತೆಗೆಸಿದೆ. ಹದಿನೇಳು ಉತಾರ ಬಂತು, ವಾರಸಾ, ವಾಟ್ನಿ (ಪಾಲು), ಸಾಲದ ಬೋಜಾ (ಹೊಲದ ಮೇಲಿನ ಹೊರೆ), ಇವೇ. ಹನ್ನೊಂದನೇದು ಹೀಗಿತ್ತು, ಇದೇ ಶಬ್ದಗಳಲ್ಲ, ಅರ್ಥ ಇಷ್ಟು: ಮೂಲ ದಾವೆ ನಂಬರ್ ಇಷ್ಟು, 1949, ಇದರ ಹುಕುಂನಾಮೆ ಪ್ರಕಾರ ಅಜ್ಞಾನ ಮಗನ ಪೋಟಗಿ ಬಾಬ್ತು ಸದರಿ ಜಮೀನಿನ ಮೇಲೆ ಬೋಜಾ ದಾಖಲಿಸಿದೆ.

ಹುಕುಂನಾಮೆ ಅಂದ್ರೆ ಡಿಕ್ರಿ, ಪೋಟಗಿ ಅಂದ್ರೆ ಜೀವನಾಂಶ, ಅಜ್ಞಾನ ಮಗ ಅಂದ್ರೆ ವಯಸ್ಸಿಗೆ ಬರದ ಮಗ. ಅಂದ್ರೆ ದೊಡ್ಡಪ್ಪ. ಆದ್ರೆ ಅದ್ರಲ್ಲಿ ತಾಯಿ ಅಂತ ಬರೆದ ಹೆಸರು ನಮ್ಮ ಆಯಿಯ ಹೆಸರಲ್ಲ. ಯಾವುದೋ ಹೆಸರು, ಮುಂದೆ "ಕೋಂ" (ಇಂಥವರ ಹೆಂಡತಿ) ಅಂತ ಬರೆದು ಗಂಡನ ಹೆಸರು. ಮತ್ತೆ ನವಲಗುಂದಕ್ಕೆ ಓಡಿದೆ. ಸಣ್ಣಾಯಿ ಆ ಹೆಸರು ನನ್ನ ಬಾಯಲ್ಲಿ ಕೇಳಿ ಕಣ್ಣು ಮುಚ್ಚಿಕೊಂಡ್ರು. "ಅತ್ತೀ ಮನ್ಯಾಗ ಇಟ್ಟ ಹೆಸರಪಾ ಅದು. ತಿರುಗಿ ಬಂದ ಮ್ಯಾಲ ಅಕಿನ್ನ ಆ ಹೆಸರಿಂದ ಯಾರೂ ಕರೀಬ್ಯಾಡ್ರಿ ಅಂದಿದ್ಲು." ಮದುವೇಲಿ ಹೆಸರು ಬದಲಾಯಿಸೋ ಪದ್ಧತಿ ಇರೋ ಮನೆತನದವರು ದಯವಿಟ್ಟು ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನಾನು ನಾಲ್ಕು ತಿಂಗಳು ಹುಡುಕಿಸಿದ್ದು ತವರಿನ ಹೆಸರನ್ನ. ಆ ಹೆಸರು ಇಲ್ಲಿ ನಾನು ಬರೆಯಲ್ಲ, ಆಯಿನೇ ಬೇಡ ಅಂದಿದ್ದು.

ನಂಬರ್ ಕೈಯಲ್ಲಿದ್ದ ಮೇಲೆ ಕೆಲಸ ನಡೀತು. ನಾನು ಪಕ್ಷಗಾರ ಅಲ್ವಲ್ಲ, ಹಾಗಾಗಿ ನಕಲು ಅರ್ಜಿ ಜೊತೆ ಯಾಕೆ ಬೇಕು ಅಂತ ಅಫಿಡವಿಟ್ ಹಾಕಬೇಕಾಯ್ತು, ವಕೀಲರು ಒಂದು ಪೈಸೆ ತಗೊಳ್ದೆ ಮಾಡಿಕೊಟ್ರು. ಆಮೇಲೆ ಎಂಟು ವಾರ ಕಾದೆ. ವಕೀಲರ ಜೊತೆ ಹೋದ ದಿನ ರೆಕಾರ್ಡ್ ರೂಮಿನ ಹಿರಿಯ ಗುಮಾಸ್ತರು ಕೆಂಪು ಬಟ್ಟೆ ರುಮಾಲು ಬಿಚ್ಚಿ ಮೊದಲು ದಾವೆಗಳ ರಿಜಿಸ್ಟರ್ ತೋರಿಸಿದ್ರು. ಎರಡು ಪುಟಕ್ಕೂ ಹರಡಿದ ಕಾಲಮ್ಮುಗಳು, ವಾದಿ ಹೆಸರು ಉದ್ಯೋಗ ಊರು, ಪ್ರತಿವಾದಿದು, ಏನು ಕೇಳಿದ್ದಾರೆ, ಹಾಜರಿ ದಿನ, ತೀರ್ಪು ಯಾರ ಪರ, ಅಪೀಲು, ಕೊನೆಗೆ ಅಮಲ್ಜಾರಿ, ಅಂದ್ರೆ ಡಿಕ್ರಿ ಜಾರಿ ಮಾಡಿಸಿದ್ದು. ಅರ್ಜಿ, ಸಾಕ್ಷಿ ಹೇಳಿಕೆ, ಆಯಿ ಹೆಬ್ಬೆಟ್ಟು ಒತ್ತಿದ ವಕಾಲತ್ತು, ಇವೆಲ್ಲ ಹೋಗಿದ್ವು, 1917ರ ದಾಖಲೆ ನಾಶದ ಕಾಯ್ದೆ ಅಂತ ಒಂದಿದೆ, ಅದರ ಪ್ರಕಾರ ಕಾಲಕಾಲಕ್ಕೆ ತೆಗೆದು ಹಾಕ್ತಾರೆ. ಉಳಿದಿದ್ದು ತೀರ್ಪು ಮತ್ತು ಡಿಕ್ರಿ. ಟೈಪ್ ಮಾಡಿದ ಇಂಗ್ಲಿಷು, ಅಂಚೆಲ್ಲ ಹಪ್ಪಳದ ಥರ ಮುರೀತಿತ್ತು, ಗುಮಾಸ್ತರು ಎರಡೂ ಅಂಗೈ ಕೆಳಗೆ ಕೊಟ್ಟು ಎತ್ತಿದ್ರು. ಅವರ ಆ ಕೈ ನಾನು ಮರೆಯಲ್ಲ.

ತೀರ್ಪು ಮೂರು ಪುಟ. ವಾದಿ ವಯಸ್ಸು 23, ಉದ್ಯೋಗ ಕೂಲಿ. ಗಂಡ ಮುಂಬೈಗೆ ಗಿರಣಿ ಕೆಲಸಕ್ಕೆ ಅಂತ ಹೋದವನು ಬೇರೆ ಹೆಂಗಸಿನ ಜೊತೆ ಊರಿಗೆ ಬಂದು ಬೇರೆ ಮನೆ ಮಾಡಿದ್ದ. ಬಿಟ್ಟು ನಾಲ್ಕು ವರ್ಷ ಸತತವಾಗಿ ಆಗಿರಬೇಕು ಅಂತ ಆ ಕಾಯ್ದೆಯಲ್ಲಿತ್ತು, ಅದಕ್ಕೇ ಜಡ್ಜ್ ವರ್ಷ ತಿಂಗಳು ಎಣಿಸಿ ಎಣಿಸಿ ಬರೆದಿದ್ದಾರೆ. ಅವನು ಕೋರ್ಟಿಗೆ ಬಂದು, ನಾನು ಬಿಟ್ಟಿಲ್ಲ, ಅವಳೇ ತವರಿಗೆ ಹೋಗಿ ಕೂತಿದ್ದಾಳೆ, ಬಂದ್ರೆ ಇಟ್ಕೋತೀನಿ ಅಂದಿದ್ದ. ಅದಕ್ಕೆ ಆಯಿ ಏನು ಉತ್ತರ ಕೊಟ್ರು ಅನ್ನೋದನ್ನ ಜಡ್ಜ್ ಐದಾರು ಸಾಲಲ್ಲಿ ಬರೆದಿಟ್ಟಿದ್ದಾರೆ. ಮೂರು ಸಲ ಹೋಗಿದ್ದೆ. ಮೊದಲ ಸಲ ಅಪ್ಪನ ಜೊತೆ, ಎರಡನೇ ಸಲ ಸೋದರಮಾವನ ಜೊತೆ, ಮೂರನೇ ಸಲ ಮಗುನ ಎತ್ಕೊಂಡು ಒಬ್ಬಳೇ. ಮೂರನೇ ಸಲ ಕತ್ತಲಾಗೋ ತನಕ ಬಾಗಿಲ ಮುಂದೆ ಕೂತಿದ್ದೆ, ನೀರು ಕೊಟ್ಟಿದ್ದು ಪಕ್ಕದ ಮನೆಯವಳು. ಆ ಪಕ್ಕದ ಮನೆಯವಳು ಸಾಕ್ಷಿ ಹೇಳೋಕೆ ಬಂದಿದ್ಲು! ತನ್ನ ಊರಿನವನ ವಿರುದ್ಧ, ತನ್ನ ಗೋಡೆಗೆ ಗೋಡೆ ಹತ್ತಿದ ಮನೆಯವನ ವಿರುದ್ಧ. ಜಡ್ಜ್ ಅವಳ ಮಾತನ್ನ ನಂಬಿದ್ದೀನಿ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಡಿಕ್ರಿ ಕೆಳಗೆ ಖರ್ಚಿನ ಪಟ್ಟಿ ಇರತ್ತೆ, ಅರ್ಜಿ ಸ್ಟಾಂಪು, ವಕಾಲತ್ತಿನ ಸ್ಟಾಂಪು, ವಕೀಲರ ಫೀ, ಸಮನ್ಸು ಮುಟ್ಟಿಸಿದ್ದು, ಸಾಕ್ಷಿದಾರರ ಭತ್ಯೆ. ಭತ್ಯೆ ಎದುರಿಗೆ ಎರಡು ರೂಪಾಯಿ ಎಂಟು ಆಣೆ ಅಂತಿದೆ. ಇಬ್ಬರು ಸಾಕ್ಷಿಗೆ ಸೇರಿ. ಆ ಹೆಣ್ಣುಮಗಳ ಹೆಸರು ನನ್ನ ವಂಶಾವಳಿ ಪುಸ್ತಕದಲ್ಲಿ ಬರ್ಕೊಂಡಿದ್ದೀನಿ, ರಕ್ತಸಂಬಂಧ ಇಲ್ದಿದ್ರೂ. ಅವಳ ಮನೆತನದವರು ಈಗ ಆ ಊರಲ್ಲಿ ಇಲ್ಲ, ವಿಚಾರಿಸಿದೆ.

1950ರಲ್ಲಿ ಡಿಕ್ರಿ ಆಗಿದೆ, ಕಾಯ್ದೆ ಬಂದು ಮೂರೇ ವರ್ಷಕ್ಕೆ. ನಮ್ಮ ಜಿಲ್ಲೆಯ ಹಳ್ಳಿಯಲ್ಲಿ ಕೂಲಿ ಮಾಡೋ ಒಬ್ಬ ಹೆಣ್ಣುಮಗಳಿಗೆ ಆ ಸುದ್ದಿ ಯಾರು ಮುಟ್ಟಿಸಿದ್ರೋ, ದುಡ್ಡು ಯಾರು ಕೊಟ್ರೋ, ಯಾವ ಕಾಗದದಲ್ಲೂ ಇಲ್ಲ. ಸಣ್ಣಾಯಿ ಮಾತ್ರ "ನಮ್ಮವ್ವನ ಕಾಲಾಗಿನ ಬೆಳ್ಳಿ ಕಡಗ ಆ ವರ್ಷ ಹೋದ್ವು" ಅಂದಿದ್ರು. ತೀರ್ಪಿನ ನಕಲು ಸಿಗೋ ಹೊತ್ತಿಗೆ ಸಣ್ಣಾಯಿ ಇರಲಿಲ್ಲ, 2023ರ ಸಂಕ್ರಾಂತಿ ಆದ ವಾರ ಹೋದ್ರು. ಅವರಿಗೆ ಓದಿ ಹೇಳಬೇಕು ಅಂತ ಬಹಳ ಆಸೆ ಇತ್ತು ನಂಗೆ.

ದೊಡ್ಡಪ್ಪನಿಗೆ ಹೇಳಬೇಕೋ ಬೇಡವೋ ಅಂತ ಒಂದು ತಿಂಗಳು ಒದ್ದಾಡಿದೆ. ಎಂಬತ್ತು ವರ್ಷದವರಿಗೆ ಹೋಗಿ ನಿಮ್ಮಪ್ಪ ಸತ್ತಿರಲಿಲ್ಲ, ಬದುಕಿದ್ದ, ಇಪ್ಪತ್ತೈದು ಮೈಲಿ ಆಚೆ ಇದ್ದ ಅಂತ ಹೆಂಗೆ ಹೇಳೋದು. ಮನೆಯವರು ಬೇಡ ಅಂದ್ರು. ಕೊನೆಗೆ ಅವರ ಹೆಂಡತಿ, ನಮ್ಮ ದೊಡ್ಡವ್ವನೇ, "ಅವರದ ಕಾಗದ, ಅವರಿಗೆ ಕೊಡು" ಅಂದ್ರು. ಹಿಂಗೆ ಹುಡುಕೋರು ಇದೊಂದನ್ನ ಮುಂಚೇನೇ ಯೋಚನೆ ಮಾಡಿರಿ, ಆ ಕಡೆ ಮನೆತನದ ಮಕ್ಕಳು ಮೊಮ್ಮಕ್ಕಳೂ ಇರ್ತಾರೆ, ಅವರಿಗೂ ಒಂದು ಮಾನ ಇರತ್ತೆ, ನಾನು ಅವರ ಊರಿನ ಹೆಸರು ಸಹ ಅದಕ್ಕೇ ಬರೆದಿಲ್ಲ.

ಮೇ ತಿಂಗಳ ಮಧ್ಯಾಹ್ನ, ಪಡಸಾಲೇಲಿ ಕೂತು ಪೂರ್ತಿ ತೀರ್ಪನ್ನ ಕನ್ನಡದಲ್ಲಿ ಹೇಳ್ತಾ ಹೋದೆ. ದೊಡ್ಡಪ್ಪ ಗೋಡೆಗೆ ಆನಿಕೊಂಡು ಕೇಳಿದ್ರು. ಕಣ್ಣೀರು ಹಾಕ್ತಾರೇನೋ ಅಂತ ಹೆದರಿದ್ದೆ, ಹಾಕಲಿಲ್ಲ. ಬಾಗಿಲ ಮುಂದೆ ಕೂತಿದ್ದು ಬಂದಾಗ ಮಾತ್ರ "ಇನ್ನೊಮ್ಮೆ ಓದು" ಅಂದ್ರು. ಓದಿದೆ. ಪೋಟಗಿ ಎಷ್ಟು ಅಂತ ಕೇಳಿದ್ರು. ತಿಂಗಳಿಗೆ ಆರು ರೂಪಾಯಿ. "ಬಂತೇನು ಅದು?" ರಿಜಿಸ್ಟರಿನ ಕೊನೇ ಕಾಲಮ್ಮಲ್ಲಿ ಏನೂ ಬರೆದಿರಲಿಲ್ಲ, ಅಂದ್ರೆ ವಸೂಲಿಗೆ ದರಖಾಸ್ತ ಹಾಕಿಲ್ಲ, ಅವನು ತಾನಾಗೇ ಕೊಟ್ಟಿದ್ರೂ ಹಾಗೇ ಖಾಲಿ ಇರತ್ತೆ, ಆಯಿ ಕೇಳೋದನ್ನೇ ಬಿಟ್ಟಿದ್ರೂ ಖಾಲಿ ಇರತ್ತೆ ಅಂತ ಹೇಳಿದೆ.

"ಬಂದಿಲ್ಲ" ಅಂದ್ರು ದೊಡ್ಡಪ್ಪ. "ಬಂದಿದ್ರ ಮುಲ್ಕಿ ಆದ ಮ್ಯಾಲ ನಾ ಸಾಲಿ ಬಿಡ್ತಿದ್ದಿಲ್ಲ."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಆ ಬೋಜಾ ಹೊಲದ ಮ್ಯಾಲಿಂದ ಯಾವಾಗ ತೆಗದಾರ, ಯಾರು ಸಹಿ ಮಾಡಿ ತೆಗದಾರ, ಅದು ಸಿಗತೈತೇನು ಅಂತ ಕೇಳಿದ್ರು. ನಂಗೆ ಅದು ಹೊಳೆದೇ ಇರಲಿಲ್ಲ. ಬೋಜಾ ಕಮಿ ಮಾಡಿದ್ರೆ ಅದಕ್ಕೂ ಒಂದು ಡೈರಿ ಆಗಿರಲೇಬೇಕು, ನನ್ನ ಹತ್ರ ಇದ್ದ ಹದಿನೇಳರಲ್ಲಿ ಅದಿಲ್ಲ. ಮರುದಿನ ದೊಡ್ಡಪ್ಪ ತಾವೇ ಬರ್ತೀನಿ ಅಂದ್ರು, ಇಬ್ಬರೂ ತಾಲೂಕು ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಬಂದೀವಿ, ಅರ್ಜಿದಾರರ ಹೆಸರಿನ ಜಾಗದಲ್ಲಿ ಅವರು ತಮ್ಮ ಮುಲ್ಕಿ ಸರ್ಟಿಫಿಕೇಟಿನ ಹೆಸರನ್ನೇ ಬರೆದು ಸಹಿ ಮಾಡಿದ್ರು.